ಸಾಗರ ಪೇಟೆಯ 22 ಬಾಗಿಲು: ಹಳೆ ಅಂಗಡಿ ಎಲ್ಲೆಲ್ಲಿತ್ತು ಅಂತ ಹುಡುಕಿದ ಆರು ತಿಂಗಳ ಲೆಕ್ಕ

ನಮ್ಮನೆ ಅಟ್ಟದ ತೊಲೆಗೆ ಒಂದು ತಂತಿ ನೇತಾಡ್ತಿತ್ತು, ಕೆಳಗಡೆ ಮರದ ಬಿಲ್ಲೆ, ಮೇಲ್ಗಡೆ ಕೊಕ್ಕೆ, ನಡುವೆ ಮೊಳದುದ್ದ ಕಾಗದ ಚುಚ್ಚಿಟ್ಟಿದ್ದು. ಹಿಂದೆ ಅಂಗಡಿಗಳಲ್ಲಿ, ಸ್ವಲ್ಪ ಲೆಕ್ಕ ಇಡೋ ಮನೆಗಳಲ್ಲಿ ಇಂಥದ್ದು ಇದ್ದೇ ಇರ್ತಿತ್ತು. ಅಜ್ಜ ಸಾಗರ ಪೇಟೆಗೆ ಹೋಗಿ ಬಂದ ಕೂಡ್ಲೆ ಜೇಬಿಂದ ಬಿಲ್ಲು ತೆಗೆದು ತಂತಿಗೆ ಚುಚ್ಚಿ ಆಮೇಲೆ ಕೈಕಾಲು ತೊಳೀತಿದ್ರು ಅಂತ ಅಪ್ಪ ಹೇಳ್ತಾರೆ. ಜನವರಿಲಿ ಹೆಂಚು ಕೈಯಾಡಿಸೋಕೆ ಅಂತ ಅಟ್ಟ ಖಾಲಿ ಮಾಡುವಾಗ ಅದು ಕೈಗೆ ಬಂತು. ಎಣಿಸಿದ್ರೆ 318 ಬಿಲ್ಲು. ಕೆಳಗಿನದ್ದು 1954, ಮೇಲಿನದ್ದು 1981.

ಒಂದೊಂದೇ ಓದ್ತಾ ಹೋದಾಗ ನನಗೆ ಅನ್ಸಿದ್ದು, ಇಷ್ಟು ಅಂಗಡಿ ಹೆಸರಲ್ಲಿ ಇವತ್ತು ನನಗೆ ಗೊತ್ತಿರೋದು ನಾಲ್ಕು, ಉಳಿದವೆಲ್ಲ ಎಲ್ಲಿದ್ವು? ಅಪ್ಪನ್ನ ಕೇಳಿದ್ರೆ "ಅಲ್ಲೇ ಮಾರಾಯ, ಪೇಟೇಲಿ" ಅಂತಾರೆ. ಅಲ್ಲೇ ಅಂದ್ರೆ ಎಲ್ಲಿ, ಎಷ್ಟನೇ ಬಾಗಿಲು, ಈಗ ಅಲ್ಲಿ ಏನಿದೆ, ಅದು ಯಾರಿಗೂ ಖಚಿತ ಇಲ್ಲ. ಅವತ್ತೇ ಈ ಕೆಲಸ ಶುರು ಮಾಡ್ದೆ. ಹೇಗೆ ಮಾಡ್ದೆ, ಎಲ್ಲಿ ತಪ್ಪಿದೆ, ಏನು ಕೈಗೆ ಹತ್ತಿತು ಅಂತ ಬರೆದಿಡ್ತೀನಿ, ಬೇರೆ ಊರಿನವರು ತಮ್ಮ ಪೇಟೆಗೆ ಮಾಡೋದಾದ್ರೆ ಸಹಾಯ ಆಗ್ಲಿ. ಬೀದಿ ಹೆಸರು ಮಾತ್ರ ಬರೀತಿಲ್ಲ, ಕೆಲವು ಬಾಗಿಲುಗಳ ಮೇಲೆ ದಾಯಾದಿಗಳ ಕೇಸು ಇನ್ನೂ ನಡೀತಿದೆ, ನನ್ನ ಬರಹ ಅಲ್ಲಿಗೆ ಹೋಗೋದು ಬೇಡ. ಪೂರ್ವ ಪಶ್ಚಿಮವಾಗಿ ಹೋಗೋ ಒಂದು ಬೀದಿಯ ಒಂದು ತುಂಡು, ಉತ್ತರದ ಸಾಲಲ್ಲಿ 12 ಬಾಗಿಲು, ದಕ್ಷಿಣದಲ್ಲಿ 10, ಅಷ್ಟು ಸಾಕು.

ಮೊದಲನೇ ತಪ್ಪು ಮೊದಲನೇ ದಿನಾನೇ ಮಾಡಿದೆ. ಬಿಲ್ಲನ್ನೆಲ್ಲ ತಂತಿಯಿಂದ ಬಿಚ್ಚಿ ಅಂಗಡಿ ಪ್ರಕಾರ ಗುಡ್ಡೆ ಹಾಕ್ತಾ ಕೂತೆ, 61 ಬಿಲ್ಲು ಆದ ಮೇಲೆ ತಲೆಗೆ ಹೊಳೀತು, ಎಷ್ಟೋ ಬಿಲ್ಲಲ್ಲಿ ತಾರೀಖೇ ಇಲ್ಲ, ಅವು ಯಾವ ಕಾಲದ್ದು ಅಂತ ಹೇಳ್ತಿದ್ದಿದ್ದೇ ತಂತಿಯಲ್ಲಿದ್ದ ಜಾಗ, ಮೇಲಿಂದು ಕೆಳಗಿಂದು ನೋಡಿದ್ರೆ ವರ್ಷ ಗೊತ್ತಾಗ್ತಿತ್ತು. ಬಿಚ್ಚಿದವು ಹೋದ್ವು. ಎರಡು ರಾತ್ರಿ ಕೂತು ಚುಚ್ಚಿದ ತೂತಿನ ಸುತ್ತ ಇದ್ದ ತುಕ್ಕಿನ ಕಲೆ ಹೊಂದಿಸಿದೆ, ಅಕ್ಕಪಕ್ಕ ಇದ್ದ ಬಿಲ್ಲುಗಳಿಗೆ ಒಂದೇ ಆಕಾರದ ಕಲೆ ಬಿದ್ದಿರುತ್ತೆ, ಅದನ್ನ ಹಿಡ್ಕೊಂಡು 40ರಷ್ಟು ವಾಪಸ್ ಸಾಲಿಗೆ ಬಂದ್ವು, ಉಳಿದ 21 ಯಾವ ವರ್ಷದ್ದು ಅಂತ ಗೊತ್ತಿಲ್ಲದೆ ಬೇರೆ ಕವರಲ್ಲಿದೆ. ಯಾರಾದ್ರೂ ಇಂಥ ತಂತಿ ಸಿಕ್ಕಿದ್ರೆ ದಯವಿಟ್ಟು ಬಿಚ್ಚೋಕೆ ಮುಂಚೆ ಪೆನ್ಸಿಲ್ಲಲ್ಲಿ ಕ್ರಮಸಂಖ್ಯೆ ಹಾಕಿ, ಫೋಟೋ ತೆಗೀರಿ, ಆಮೇಲೆ ಕೈ ಹಾಕಿ.

ತಾರೀಖಿಲ್ಲದ ಬಿಲ್ಲಿಗೆ ವರ್ಷ ಕಟ್ಟೋಕೆ ಬೇರೆ ದಾರಿಗಳೂ ಇವೆ, ಅದು ನನಗೆ ತುಂಬ ಖುಷಿ ಕೊಟ್ಟ ಭಾಗ. ಆಣೆಲಿ ಲೆಕ್ಕ ಇದ್ರೆ ಸಾಮಾನ್ಯವಾಗಿ 1957ರ ಏಪ್ರಿಲ್‌ಗೆ ಮುಂಚಿಂದು, ಯಾಕಂದ್ರೆ ಏಪ್ರಿಲ್ 1ಕ್ಕೆ ದಶಮಾಂಶ ನಾಣ್ಯ ಬಂತು. ಬಿಲ್ಲಲ್ಲಿ "ನ.ಪೈ." ಅಂತಿದ್ರೆ ನಯಾ ಪೈಸೆ, ಅದು 1957ರಿಂದ 1964ರ ಜೂನ್ ತನಕ ಮಾತ್ರ ಇದ್ದ ಹೆಸರು, ಆಮೇಲೆ ಬರೀ ಪೈಸೆ. ಅಂದ್ರೆ ಆ ಎರಡಕ್ಷರ ಕಂಡ್ರೆ ಏಳು ವರ್ಷದೊಳಗೆ ಬಂದು ನಿಂತ ಹಾಗೆ. ವಿಳಾಸದಲ್ಲಿ "ಮೈಸೂರು ರಾಜ್ಯ" ಅಂತ ಅಚ್ಚಾಗಿದ್ರೆ ಪುಸ್ತಕ ಅಚ್ಚು ಹಾಕ್ಸಿದ್ದು 1973ರ ನವೆಂಬರ್‌ಗೆ ಮುಂಚೆ. ಪಿನ್ ಕೋಡ್ 577401 ಇದ್ರೆ 1972ರ ಆಗಸ್ಟ್ 15ರ ನಂತರ. ಆದ್ರೆ ಇದನ್ನ ಕಣ್ಣು ಮುಚ್ಚಿ ನಂಬೋ ಹಾಗಿಲ್ಲ, ಅಂಗಡಿಯವರು ಬಿಲ್ ಪುಸ್ತಕ ಒಂದೇ ಸಲ ಸಾವಿರಗಟ್ಟಲೆ ಅಚ್ಚು ಹಾಕ್ಸಿಡ್ತಿದ್ರು, ನನ್ನ ಹತ್ರ ಇರೋ ಒಂದು ಜವಳಿ ಅಂಗಡಿ ಬಿಲ್ಲಲ್ಲಿ "ಮೈಸೂರು ರಾಜ್ಯ" ಅಚ್ಚಿದೆ, ಪಕ್ಕದಲ್ಲಿ ಕೈಯಲ್ಲಿ ಬರೆದ ತಾರೀಖು 1976. ಅಚ್ಚು ಹೇಳೋದು ಪುಸ್ತಕ ಹುಟ್ಟಿದ ಕಾಲ, ಅಷ್ಟೇ. ಸೇರು ಪಾವು ಚಟಾಕಿನ ಲೆಕ್ಕಾನೂ ಹಾಗೇ, ಮೆಟ್ರಿಕ್ ತೂಕ 1958ರ ಅಕ್ಟೋಬರಿಂದ ಹಂತ ಹಂತವಾಗಿ ಬಂದಿದ್ದು, ಬಾಯಲ್ಲಂತೂ ಅದಾದ ಮೇಲೂ ಎಷ್ಟೋ ವರ್ಷ ಸೇರೇ ಇತ್ತು.

ಕಾಲ ಸಿಕ್ತು, ಜಾಗ ಸಿಗಲಿಲ್ಲ. ಬಿಲ್ಲಲ್ಲಿ ಇರೋ ವಿಳಾಸ ನೋಡಿದ್ರೆ "ಮಾರಿಗುಡಿ ಹತ್ತಿರ, ಸಾಗರ" ಅಂತ. ಸಾಗರದವರಿಗೆ ಗೊತ್ತು, ನಮ್ಮ ಮಾರಿಕಾಂಬೆಗೆ ತವರುಮನೆ ಬೇರೆ, ಗಂಡನ ಮನೆ ಬೇರೆ, ಮೂರು ವರ್ಷಕ್ಕೊಮ್ಮೆ ಜಾತ್ರೇಲಿ ತವರಿಂದ ಗಂಡನ ಮನೆಗೆ ಹೋಗ್ತಾಳೆ. ಹಾಗಾದ್ರೆ ಯಾವ ಗುಡಿ ಹತ್ತಿರ? ಬಿಲ್ಲು ಬರೆದವರಿಗೆ ಅದನ್ನ ಬಿಡಿಸಿ ಹೇಳೋ ಅಗತ್ಯಾನೇ ಇರಲಿಲ್ಲ, ಊರವರೆಲ್ಲರಿಗೂ ಗೊತ್ತಿತ್ತಲ್ಲ.

ನಕ್ಷೆ ನೋಡಿ ಆಗುತ್ತಾ ಅಂತ ಪ್ರಯತ್ನ ಮಾಡ್ದೆ. ಸರ್ವೆ ಆಫ್ ಇಂಡಿಯಾದ 1:50,000 ಟೋಪೋ ನಕ್ಷೇಲಿ ಒಂದು ಸೆಂಟಿಮೀಟರ್ ಅಂದ್ರೆ 500 ಮೀಟರ್, ನನ್ನ ಬೀದಿ ತುಂಡು 36 ಮೀಟರ್, ಅಂದ್ರೆ ಒಂದು ಮಿಲಿಮೀಟರೂ ಇಲ್ಲ. ಗೂಗಲ್ ಅರ್ತಲ್ಲಿ ಹಿಂದಿನ ಚಿತ್ರ ನೋಡ್ಬೋದು, ಆದ್ರೆ ಮಾಡು ಎಣಿಸೋ ಅಷ್ಟು ಸ್ಪಷ್ಟವಾಗಿ ಸಿಗೋದು 2000ದ ನಂತರದ್ದೇ, ಅಷ್ಟೊತ್ತಿಗೆ ಹೆಂಚಿನ ಮಾಡು ಅರ್ಧ ಹೋಗಿ ಆರ್‌ಸಿಸಿ ಬಂದಿತ್ತು. ಹಾಗಾಗಿ ನಕ್ಷೆ ನಾನೇ ಮಾಡ್ಬೇಕಾಯ್ತು.

ಒಂದು ಭಾನುವಾರ ಬೆಳಗ್ಗೆ ಆರೂವರೆಗೆ, ಶಟರ್ ಎಲ್ಲ ಮುಚ್ಚಿರೋ ಹೊತ್ತಲ್ಲಿ, 30 ಮೀಟರ್ ಟೇಪು ಹಿಡ್ಕೊಂಡು ನಾನೂ ನನ್ನ ಭಾವನೂ ಹೋದ್ವಿ. ಪ್ರತಿ ಬಾಗಿಲಿನ ಅಗಲ, ನಡುವಿನ ಗೋಡೆ ದಪ್ಪ, ಗಲ್ಲಿ ಅಗಲ ಎಲ್ಲ ಅಡಿ ಇಂಚಲ್ಲಿ ಬರ್ಕೊಂಡ್ವಿ, ಮೀಟರಲ್ಲಿ ಯಾಕಲ್ಲ ಅಂದ್ರೆ ಹಳೆ ಪತ್ರಗಳೆಲ್ಲ ಅಡಿಲಿ, ಅಂಕಣದಲ್ಲಿ ಮಾತಾಡುತ್ವೆ. ಉತ್ತರದ ಸಾಲು 118 ಅಡಿ, ದಕ್ಷಿಣದ್ದು 6 ಅಡಿ ಗಲ್ಲಿ ಸೇರಿ 104 ಅಡಿ. ಕಂದು ಬಣ್ಣದ ಪ್ಯಾಕಿಂಗ್ ಕಾಗದದ ಸುರುಳಿ ತಂದು ಒಂದು ಅಡಿಗೆ ಒಂದು ಸೆಂಟಿಮೀಟರ್ ಲೆಕ್ಕದಲ್ಲಿ ಎರಡು ಉದ್ದ ಪಟ್ಟಿ ಎಳೆದೆ, ಉತ್ತರದ ಬಾಗಿಲಿಗೆ ಉ1ರಿಂದ ಉ12, ದಕ್ಷಿಣಕ್ಕೆ ದ1ರಿಂದ ದ10. ಅದರ ಮೇಲೆ ಬಟರ್ ಪೇಪರ್ ನಾಲ್ಕು ಪದರ, 1955, 1965, 1975, 1985. ಒಂದೇ ಬಾಗಿಲಲ್ಲಿ ಹತ್ತು ವರ್ಷಕ್ಕೊಂದು ಅಂಗಡಿ ಬಂದು ಹೋಗಿರುತ್ತೆ, ಒಂದೇ ಕಾಗದದ ಮೇಲೆ ಬರೆದ್ರೆ ಮೂರನೇ ದಿನಕ್ಕೆ ಗೋಜಲು. ಬರೆಯೋ ನಿಯಮ ಒಂದು ಮಾಡ್ಕೊಂಡೆ: ಕಾಗದದ ಸಾಕ್ಷಿ ಇದ್ರೆ ಕೆಂಪು ಶಾಯಿ, ಇಬ್ಬರು ಬೇರೆ ಬೇರೆ ದಿನ ಬೇರೆ ಬೇರೆ ಕಡೆ ಒಂದೇ ಮಾತು ಹೇಳಿದ್ರೆ ನೀಲಿ, ಒಬ್ಬರೇ ಹೇಳಿದ್ರೆ ಪೆನ್ಸಿಲ್. ಪೆನ್ಸಿಲ್ಲಿಂದ ಶಾಯಿಗೆ ಬಡ್ತಿ ಕೊಡುವಾಗ ನಾನು ಜಿಪುಣ, ಅದರಲ್ಲಿ ಸಡಿಲ ಬಿಟ್ರೆ ಇಡೀ ಕೆಲಸ ಹಾಳು.

ಹಿರಿಯರನ್ನ ಕೇಳೋದು ಫೆಬ್ರವರಿಲಿ ಶುರು. ಇಲ್ಲಿ ಎರಡನೇ ತಪ್ಪು. ನಾಲ್ಕು ಜನ ಅಜ್ಜಂದಿರನ್ನ ಒಂದೇ ಕಟ್ಟೆ ಮೇಲೆ ಕೂರಿಸಿ ಕೇಳಿದೆ, ಒಬ್ಬರು ಜೋರು ದನಿಯವರು ಹೇಳಿದ್ದಕ್ಕೆ ಉಳಿದ ಮೂವರೂ "ಹೌದು ಹೌದು" ಅಂದ್ರು, ಮನೆಗೆ ಬಂದು ಬಿಲ್ಲಿನ ಜೊತೆ ಹೋಲಿಸಿದ್ರೆ ಅರ್ಧ ತಾಳೆ ಆಗ್ಲಿಲ್ಲ. ಆಮೇಲೆ ಒಬ್ಬೊಬ್ಬರ ಮನೆಗೇ ಹೋಗಿ ಕೇಳಿದೆ, ಒಬ್ಬರು ಹೇಳಿದ್ದನ್ನ ಇನ್ನೊಬ್ಬರ ಹತ್ರ ಬಾಯಿ ಬಿಡಲಿಲ್ಲ.

"ಅಜ್ಜಾ, ಆ ಕೊಡೆ ಅಂಗಡಿ ಎಲ್ಲಿತ್ತು?" ಅಂತ ಕೇಳಿದ್ರೆ ಉತ್ತರ ಬರಲ್ಲ, ಬಂದ್ರೂ ತಪ್ಪು ಬರುತ್ತೆ. "ನೀವು ಬಸ್ಸಿಳಿದ್ರಿ, ಇಲ್ಲಿಂದ ಒಳಗೆ ಬಂದ್ರಿ, ಎಡಗಡೆ ಮೊದಲು ಏನು ಸಿಗುತ್ತೆ?" ಅಂತ ಕೇಳಿದ್ರೆ ಕಣ್ಣು ಮುಚ್ಕೊಂಡು ಸರಸರ ಹೇಳ್ತಾರೆ, ಗ್ರಂಧಿಗೆ ಅಂಗಡಿ, ಆಮೇಲೆ ಒಂದು ಟೈಲರ್ ಕಟ್ಟೆ, ಆಮೇಲೆ ಕಾಫಿಪುಡಿ ಹುರಿಯೋ ವಾಸನೆ, ಅದು ದಾಟಿದ್ರೆ ಬಳೆ. ಮನುಷ್ಯರ ನೆನಪಲ್ಲಿ ಪೇಟೆ ಸಾಲಾಗಿ ಕೂತಿರುತ್ತೆ, ದೂರ ಎಷ್ಟು ಅನ್ನೋದು ಇರಲ್ಲ. ಅದೂ ಅವರು ನಡೆದ ದಿಕ್ಕಲ್ಲಿ ಮಾತ್ರ. ಪಶ್ಚಿಮದಿಂದ ಬರ್ತಿದ್ದವರಿಗೆ ಪೂರ್ವದಿಂದ ಹೇಳಿ ಅಂದ್ರೆ ಎರಡನೇ ಅಂಗಡಿಗೇ ತಡವರಿಸ್ತಾರೆ. ಇದು ಗೊತ್ತಾದ ಮೇಲೆ ಯಾರನ್ನೇ ಕೇಳೋ ಮುಂಚೆ "ನೀವು ಯಾವ ಕಡೆಯಿಂದ ಬರ್ತಿದ್ರಿ" ಅಂತ ಮೊದಲು ಕೇಳ್ತೀನಿ.

ತುಮರಿ ಕಡೆಯ ಒಬ್ಬರು ಅಜ್ಜಿ ಹೇಳಿದ ಸಾಲು ಎಲ್ಲಕ್ಕಿಂತ ಗಟ್ಟಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಗಿ ಶರಾವತಿ ಹಿನ್ನೀರು ಬಂದ ಮೇಲೆ ಆ ಕಡೆಯವರು ಹೊಳೆ ದಾಟಿಯೇ ಸಾಗರಕ್ಕೆ ಬರ್ಬೇಕಿತ್ತು, ಸೇತುವೆ ಆಗಿದ್ದು 2025ರ ಜುಲೈಲಿ. "ಕಡೇ ಲಾಂಚ್ ತಪ್ಪಿದ್ರೆ ರಾತ್ರಿ ಈಚೆ ದಡದಲ್ಲೇ ತಮ್ಮಾ, ಹಂಗಾಗಿ ನಾ ಪೇಟೆಗೆ ಬಂದ್ರೆ ಒಂದು ಹೆಜ್ಜೆ ಹಿಂದೆ ಇಡ್ತಿರ್ಲಿಲ್ಲ" ಅಂದ್ರು. ಕೊಳ್ಳೋ ಸಾಮಾನಿನ ಸಾಲೇ ಅಂಗಡಿ ಸಾಲು, ಮೊದಲು ಚಿಮಣಿ ಎಣ್ಣೆ, ಕಡೆಗೆ ಹೂವು. ಅವರು ಬೆರಳು ಮಡಚಿ ಹೇಳಿದ ಒಂಬತ್ತು ಅಂಗಡಿಯಲ್ಲಿ ಎಂಟು ಆಮೇಲೆ ಬೇರೆ ಸಾಕ್ಷಿಯಿಂದ ನೀಲಿಗೆ ಬಂದ್ವು.

ಬಾಸಿಂಗದ ಅಂಗಡಿ ಎಲ್ಲರಿಗೂ ನೆನಪಿದೆ. ಸಾಗರದ ಗುಡಿಗಾರರು ಗಂಧದ ಕೆತ್ತನೆಗೆ ಹೆಸರಾದವರು, ಬೆಂಡಿನ ಬಾಸಿಂಗಾನೂ ಅವರೇ ಮಾಡ್ತಿದ್ರು. ಮದುವೆ ಬಾಸಿಂಗ ಎಲ್ಲಿ ತಂದ್ರಿ ಅಂತ ಕೇಳಿ, ಅಂಗಡಿ ಜೊತೆ ವರ್ಷಾನೂ ಸಿಗುತ್ತೆ, ತಮ್ಮ ಮದುವೆ ವರ್ಷ ಯಾರು ಮರೀತಾರೆ? ಹನ್ನೊಂದು ಮದುವೆ ಲೆಕ್ಕ ಹಾಕಿದೆ, 1959ರಿಂದ 1978. ಅದರಲ್ಲಿ 1966ರ ತನಕ ಎಲ್ಲರೂ ದ2 ಅಂತಾರೆ, 1969ರಿಂದ ಎಲ್ಲರೂ ದ5 ಅಂತಾರೆ, ಅಂದ್ರೆ ನಡುವಿನ ಮೂರು ವರ್ಷದಲ್ಲಿ ಜಾಗ ಬದಲಾಯ್ತು. ಇದೇ ಥರ ನಮ್ಮ ಅತ್ತೆ ಮದುವೆ ತಾಮ್ರದ ಹಂಡೆ ಮೇಲೆ ಹೆಸರಿನ ಜೊತೆ 1968 ಅಂತ ಕೊರೆದಿದೆ, ಹೆಸರು ಕೊರೆಯೋನು ಅಂಗಡಿ ಜಗುಲಿ ಮೇಲೆ ಕೂತಿರ್ತಿದ್ದ, ಆ ಜಗುಲಿಗೆ ಪಕ್ಕದ ಗಲ್ಲಿ ಗಾಳಿ ಬೀಸ್ತಿತ್ತು ಅಂತ ಅತ್ತೆಗೆ ನೆನಪು. ಗಲ್ಲಿ ಇರೋದು ದ6, ದ7ರ ನಡುವೆ ಒಂದೇ. ಪಾತ್ರೆ ಅಂಗಡಿ ಎರಡರಲ್ಲಿ ಒಂದಕ್ಕೆ ಬಂದು ನಿಂತಿತು.

ಅದೇ ಗಲ್ಲಿ ಇನ್ನೊಂದು ಕಡೆಯಿಂದಲೂ ಸಿಕ್ಕಿತು. ಈ ಬೀದಿಲಿ ಒಂದು ಹೋಟ್ಲು ಇತ್ತು ಅಂತ ಎಲ್ಲರೂ ಹೇಳ್ತಾರೆ, ದೋಸೆ ಬಗ್ಗೆ, ಗಾಜಿನ ಬೀರು ಬಗ್ಗೆ ಹೇಳ್ತಾರೆ, ಬಾಗಿಲು ಮಾತ್ರ ದ6 ಅಂತ ಕೆಲವರು, ದ7 ಅಂತ ಕೆಲವರು, ದ8 ಅಂತ ಒಬ್ಬರು. ಕೂಲಿ ಕೆಲಸಕ್ಕೆ ಪೇಟೆಗೆ ಬರ್ತಿದ್ದ ದಲಿತ ಕೇರಿಯ ಒಬ್ಬ ಹಿರಿಯರನ್ನ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, "ಮುಂದಿನ ಬಾಗ್ಲು ನಂಗೊತ್ತಿಲ್ಲಪ್ಪ, ನಮ್ಮನ್ನ ಆ ಕಡೆ ಬಿಡ್ತಿರ್ಲಿಲ್ಲ. ಗಲ್ಲೀಲಿ ಎಡಗಡೆ ಗೋಡೆಗೆ ಒಂದು ಕಿಂಡಿ, ಅಲ್ಲಿ ಕೊಡ್ತಿದ್ರು, ನಮ್ಮ ಲೋಟ ಅಲ್ಲೇ ಹೊರಗೆ ಬೋರಲು ಹಾಕಿರ್ತಿತ್ತು" ಅಂದ್ರು. ಬೀದಿಯಿಂದ ಒಳಗೆ ಮುಖ ಮಾಡಿದ್ರೆ ಎಡಗಡೆ ದ7ರ ಗೋಡೆ. ಮಾರನೇ ದಿನ ಹೋಗಿ ನೋಡಿದೆ, ಸೊಂಟದ ಎತ್ತರಕ್ಕೆ ಸುಮಾರು ಒಂದೂವರೆ ಅಡಿ ಚೌಕ, ಇಟ್ಟಿಗೆ ಹಾಕಿ ಮುಚ್ಚಿದ್ದು, ಸುತ್ತ ಜಂಬಿಟ್ಟಿಗೆ ಗೋಡೆ. ಹೋಟ್ಲು ದ7. ಒಳಗೆ ಕೂತು ತಿಂದವರು ಮೂರು ಬಾಗಿಲು ಹೇಳಿದ್ರು, ಹೊರಗೆ ನಿಂತವರು ಹೇಳಿದ್ದು ಒಂದೇ. ಪಾತ್ರೆ ಅಂಗಡಿ ಹಾಗಾಗಿ ದ6ಕ್ಕೆ ಹೋಯ್ತು. ನನ್ನ ಪಟ್ಟಿಲಿ ಆ ಕಿಂಡಿಯನ್ನೂ ಗುರುತು ಮಾಡಿದ್ದೀನಿ, ಬರೀ ಮುಂಬಾಗಿಲು ತೋರಿಸೋ ನಕ್ಷೆ ನನಗೆ ಬೇಡ.

ಮಾರ್ಚಲ್ಲಿ ಕಾಗದದ ಕೆಲಸ. ಮೂರು ಮನೆಯವರು ತಮ್ಮ ಹಳೆ ಕ್ರಯಪತ್ರ ನೋಡೋಕೆ ಕೊಟ್ರು, ಅದರಲ್ಲಿ ನನಗೆ ಬೇಕಾಗಿದ್ದು ಒಂದೇ, ಚಕ್ಕುಬಂದಿ. ಪೂರ್ವಕ್ಕೆ ಇಂಥವರ ಅಂಗಡಿ ಮಳಿಗೆ, ಪಶ್ಚಿಮಕ್ಕೆ ಇಂಥವರ ಸೋಡಾ ಅಂಗಡಿ, ಉತ್ತರಕ್ಕೆ ಹಿತ್ತಲು, ದಕ್ಷಿಣಕ್ಕೆ ಸರ್ಕಾರಿ ರಸ್ತೆ, ಹೀಗೆ ನಾಲ್ಕೂ ದಿಕ್ಕು ಹೇಳಿರ್ತಾರೆ. ಒಂದು ಪತ್ರ ಸಿಕ್ಕಿದ್ರೆ ಮೂರು ಬಾಗಿಲು ಗೊತ್ತಾಗುತ್ತೆ, ನಡುವಿಂದು ಮತ್ತು ಅಕ್ಕಪಕ್ಕದ್ದು, ಎರಡು ಪತ್ರ ಒಂದಕ್ಕೊಂದು ಕೊಂಡಿ ಹಾಕ್ಕೊಂಡ್ರೆ ಸಾಲು ಬೆಳೆಯುತ್ತೆ. ಆದ್ರೆ ಇಲ್ಲೊಂದು ಗುಂಡಿ ಇದೆ ನೋಡಿ, ಪತ್ರ ಬರೆಯೋರು ಮೂಲಪತ್ರದ ಚಕ್ಕುಬಂದಿನ ಹಾಗೇ ನಕಲು ಮಾಡ್ತಿದ್ರು. 1971ರ ಪತ್ರದಲ್ಲಿ ಪಶ್ಚಿಮಕ್ಕೆ ನಶ್ಯದ ಅಂಗಡಿ ಅಂತಿತ್ತು, ನಾನು ಸಂತೋಷದಲ್ಲಿ ಕೆಂಪು ಶಾಯಿ ಹಾಕ್ದೆ, ಆಮೇಲೆ ಅದೇ ಆಸ್ತಿಯ 1949ರ ಮೂಲಪತ್ರ ಸಿಕ್ತು, ಅದರಲ್ಲೂ ಅಕ್ಷರಕ್ಕೆ ಅಕ್ಷರ ಅದೇ ವಾಕ್ಯ. ಅಂದ್ರೆ ನಶ್ಯದ ಅಂಗಡಿ 1949ಕ್ಕೆ ಇದ್ದಿದ್ದು ನಿಜ, 1971ಕ್ಕೆ ಇತ್ತೋ ಇಲ್ವೋ ಆ ಪತ್ರ ಹೇಳಲ್ಲ. ಕೆಂಪು ಅಳಿಸಿ ಪೆನ್ಸಿಲ್ ಮಾಡ್ದೆ. ಈಗ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಲ್ಲಿ ಇಸಿ, ಅಂದ್ರೆ ಆಸ್ತಿಯ ಋಣಭಾರ ಪತ್ರ, ತೆಗೀಬೋದು ಅಂತ ಸುಮಾರು ಜನ ಹೇಳಿದ್ರು, ಅಲ್ಲಿ ಸಿಗೋದು 2004ರ ಏಪ್ರಿಲಿಂದ ಈಚಿನದ್ದು, ನನ್ನ ಕಾಲಕ್ಕೆ ಅದು ಮುಟ್ಟಲ್ಲ.

ಮಧ್ಯೆ ಒಂದು ಫೋಟೋ ಬಂತು. ಪರಿಚಯದವರ ಮನೇಲಿ ಜಾತ್ರೆ ದಿನ ತೆಗೆದ ಕಪ್ಪುಬಿಳುಪು ಚಿತ್ರ, ಜನ ತುಂಬಿದಾರೆ, ಹಿಂದೆ ಎರಡು ಅಂಗಡಿ ಮುಖ, ಬೋರ್ಡಲ್ಲಿ "ಸ್ಟೋರ್ಸ್" ಅನ್ನೋ ಬಾಲ ಮಾತ್ರ ಕಾಣುತ್ತೆ. ಉತ್ತರದ ಸಾಲಾ ದಕ್ಷಿಣದ ಸಾಲಾ ಅಂತ ಇಬ್ಬರು ಹಿರಿಯರಿಗೆ ವಾದ ಆಯ್ತು. ಅಕ್ಷರ ತಿರುವಾಗಿಲ್ಲ, ಹಾಗಾಗಿ ನೆಗೆಟಿವ್ ಉಲ್ಟಾ ಹಾಕಿ ಪ್ರಿಂಟ್ ಮಾಡಿಲ್ಲ ಅನ್ನೋದು ಖಾತ್ರಿ. ಆಮೇಲೆ ಬಿಸಿಲು ನೋಡ್ದೆ. ಜಾತ್ರೆ ಫೆಬ್ರವರಿಲಿ, ಸಾಗರ ಇರೋದು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಆ ತಿಂಗಳಲ್ಲಿ ಮಧ್ಯಾಹ್ನ ಸೂರ್ಯ ನೆತ್ತಿಗಿಂತ ದಕ್ಷಿಣಕ್ಕೆ ವಾಲಿರ್ತಾನೆ, ಅಂದ್ರೆ ಬಿಸಿಲು ಬೀಳೋದು ದಕ್ಷಿಣಕ್ಕೆ ಮುಖ ಮಾಡಿದ ಗೋಡೆ ಮೇಲೆ, ಅದು ಉತ್ತರದ ಸಾಲು. ಚಿತ್ರದಲ್ಲಿ ಅಂಗಡಿ ಮುಖದ ಮೇಲೆ ಬೆಳಕು ಚೆಲ್ಲಿದೆ, ಸೂರಿನ ನೆರಳು ಬೋರ್ಡಿನ ಅರ್ಧಕ್ಕೆ ಬಂದು ನಿಂತಿದೆ. ಉತ್ತರದ ಸಾಲೇ. ಚಿತ್ರ ಮೇ ಕಡೇಲಿ ತೆಗೆದಿದ್ದಾಗಿದ್ರೆ ಈ ತರ್ಕ ನಡೀತಿರ್ಲಿಲ್ಲ, ಆಗ ನಮ್ಮಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗಿರ್ತಾನೆ, ಹಾಗಾಗಿ ತಿಂಗಳು ಗೊತ್ತಿಲ್ಲದ ಫೋಟೋಗೆ ಇದನ್ನ ಹಚ್ಚಬೇಡಿ.

ಉತ್ತರದ ಸಾಲು ಸರಿ, ಯಾವ ಬಾಗಿಲು? ಉ7 ಅಥವಾ ಉ8. ಈ ಎರಡರ ಮಧ್ಯೆ ನಾನು ಒಂದು ತಿಂಗಳು ಒದ್ದಾಡಿದ್ದೀನಿ. ಆ ಬೋರ್ಡಿನದ್ದು ಒಂದು ಕಿರಾಣಿ ಅಂಗಡಿ, ಅಜ್ಜನ ತಂತಿಲಿ ಅತಿ ಹೆಚ್ಚು ಬಿಲ್ಲು ಇದ್ದಿದ್ದೂ ಅದರದ್ದೇ, 47, ಅದರ ಜಾಗಾನೇ ಗೊತ್ತಿಲ್ಲ ಅಂದ್ರೆ ಹೇಗೆ? ಕಡೆಗೆ ಆ ಅಂಗಡಿಲಿ ಹುಡುಗನಾಗಿದ್ದಾಗ ಕೆಲಸಕ್ಕಿದ್ದವರು ಒಬ್ಬರು ಸಿಕ್ಕಿದ್ರು, ಈಗ ಎಂಬತ್ತು ದಾಟಿದೆ, ಮಗಳ ಮನೇಲಿದ್ದಾರೆ. ಎಷ್ಟನೇ ಬಾಗಿಲು ಅಂದ್ರೆ ಗೊತ್ತಿಲ್ಲ ಅಂದ್ರು. ಪಕ್ಕದಲ್ಲಿ ಯಾರಿದ್ರು ಅಂದ್ರೆ ಅದೂ ಮಸುಕು. ಹೊರಡೋಕೆ ಎದ್ದವನು ಸುಮ್ನೆ ಕೇಳಿದೆ, "ಬೆಳಗ್ಗೆ ಹೋಗಿ ಮೊದಲು ಏನು ಮಾಡ್ತಿದ್ರಿ ಅಜ್ಜಾ?"

"ಹಲಗೆ ತೆಗೀತಿದ್ದೆ" ಅಂದ್ರು. "ಹನ್ನೊಂದು ಹಲಗೆ."

ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, ಶಟರ್ ಬರೋ ಮುಂಚೆ ಅಂಗಡಿ ಮುಚ್ತಿದ್ದಿದ್ದು ಉದ್ದುದ್ದ ಮರದ ಹಲಗೆಗಳಿಂದ, ಮೇಲೆ ಕೆಳಗೆ ಸಂದು ಕೊರೆದಿರ್ತಾರೆ, ಒಂದು ತುದಿಯಿಂದ ಒಂದೊಂದೇ ಹಲಗೆ ಸೇರಿಸ್ಕೊಂಡು ಬರೋದು, ಹಿಂದೆ ಅಡ್ಡ ಕಬ್ಬಿಣದ ಪಟ್ಟಿ ಹಾಕಿ ಬೀಗ. ಹಲಗೆಗೆ ನಂಬರ್ ಬರೆದಿರುತ್ತೆ, ಸಾಲು ತಪ್ಪಿದ್ರೆ ಕೂರಲ್ಲ. ಅವರು ಹನ್ನೊಂದೂ ಹಲಗೆ ದಿನಾ ಬೆಳಗ್ಗೆ ಸಂಜೆ ಹೊತ್ತವರು, ನಾಲ್ಕನೇದು ಮಳೆಗಾಲದಲ್ಲಿ ಉಬ್ಬಿ ಬಿಗಿ ಆಗ್ತಿತ್ತು ಅಂತಾನೂ ನೆನಪು. ಅಗಲ ಎಷ್ಟಿರ್ತಿತ್ತು ಅಂದಿದ್ದಕ್ಕೆ ಕೈ ಚಾಚಿ "ಒಂದು ಗೇಣು, ಮೇಲೊಂದು ಬೆರಳು" ಅಂತ ಮಂಚದ ಪಟ್ಟಿ ಮೇಲೆ ತೋರಿಸಿದ್ರು, ಅಲ್ಲೇ ಟೇಪು ಹಿಡಿದೆ, ಹತ್ತು ಇಂಚಿಗೆ ಒಂಚೂರು ಕಮ್ಮಿ. ಹನ್ನೊಂದಕ್ಕೆ ಗುಣಿಸಿದ್ರೆ ಸುಮಾರು 110 ಇಂಚು, 9 ಅಡಿ 2 ಇಂಚು. ನನ್ನ ಪುಸ್ತಕ ತೆಗೆದು ನೋಡಿದ್ರೆ ಉ8ರ ಬಾಗಿಲು 7 ಅಡಿ 6 ಇಂಚು, ಅದಕ್ಕೆ ಒಂಬತ್ತು ಹಲಗೆ ಸಾಕು. ಉ7 ಬಾಗಿಲು 9 ಅಡಿ 2 ಇಂಚು. ನನಗೆ ಕೈ ನಡುಗ್ತು. ಅವರಿಗೆ ಪುಸ್ತಕ ತೋರಿಸಿ ಹೇಳಿದಾಗ ಅವರು ತುಂಬ ಹೊತ್ತು ಆ ಅಂಕಿ ಮೇಲೆ ಬೆರಳಿಟ್ಕೊಂಡು ಕೂತಿದ್ರು, ಆಮೇಲೆ ಮಗಳನ್ನ ಕರೆದು "ಇವ್ರಿಗೆ ಊಟ ಹಾಕು" ಅಂದ್ರು.

ಉ7ರ ಈಗಿನ ಮಾಲೀಕರು ಒಪ್ಪಿದ ಮೇಲೆ ಶಟರ್ ಕೆಳಗಿನ ಸಿಮೆಂಟು ಪಕ್ಕದಲ್ಲಿ ಟಾರ್ಚ್ ಹಾಕಿ ನೋಡಿದ್ವಿ, ಹೊಸ್ತಿಲು ಕಲ್ಲಲ್ಲಿ ಹಲಗೆ ಕೂರೋ ಸಂದು ಇನ್ನೂ ಇದೆ, ಒಂದು ಗೇಣು ಉದ್ದ ಕಾಣುತ್ತೆ, ಉಳಿದದ್ದು ಸಿಮೆಂಟಿನ ಒಳಗೆ.

ಕೊಡೆ ರಿಪೇರಿ ಅಂಗಡಿದು ಬೇರೆ ಕಥೆ. ಮೂವರು ಮೂರು ಬಾಗಿಲು ಹೇಳಿದ್ರು, ಉ3, ಉ10, ದ9. ನಾನು ಇಬ್ಬರು ತಪ್ಪು ಅಂದ್ಕೊಂಡಿದ್ದೆ. ಆಮೇಲೆ ಒಬ್ಬೊಬ್ಬರೂ ಪೇಟೆಗೆ ಓಡಾಡಿದ ವರ್ಷ ಪಕ್ಕದಲ್ಲಿ ಬರೆದು ನೋಡಿದ್ರೆ ಮೂರೂ ಸರಿ, ಮಲೆನಾಡಲ್ಲಿ ಕೊಡೆ ವ್ಯಾಪಾರ ನಾಲ್ಕು ತಿಂಗಳು, ಅವರಿಗೆ ಸ್ವಂತ ಮಳಿಗೆ ಇರಲಿಲ್ಲ, ಬಾಡಿಗೆ ಕಮ್ಮಿ ಸಿಕ್ಕಿದ ಕಡೆ ಹೋಗ್ತಿದ್ರು. ಇದಾದ ಮೇಲೆ ನನ್ನ ಎಕ್ಸೆಲ್ ಶೀಟನ್ನೇ ಬದಲಾಯಿಸಿದೆ. ಮೊದಲು ಅಂಗಡಿ ಹೆಸರಿಗೊಂದು ಸಾಲು, ಅದರ ಮುಂದೆ ಜಾಗ ಅಂತ ಬರೆದಿದ್ದೆ. ಈಗ ಬಾಗಿಲಿಗೊಂದು ಸಾಲು, ಅದರ ಮುಂದೆ ಯಾವ ವರ್ಷದಿಂದ ಯಾವ ವರ್ಷಕ್ಕೆ ಯಾರಿದ್ರು, ಯಾರು ಹೇಳಿದ್ರು ಅಂತ. ಬಾಗಿಲು ಕದಲಲ್ಲ, ಅದಕ್ಕೆ ಕಟ್ಟಿ ಹಾಕಿದ್ರೆ ಮಾತ್ರ ಉಳಿದದ್ದೆಲ್ಲ ನಿಲ್ಲುತ್ತೆ. ಇದನ್ನ ಮೊದಲ ವಾರಾನೇ ಮಾಡಿದ್ರೆ ಎರಡು ತಿಂಗಳು ಉಳೀತಿತ್ತು.

ಜೂನ್ ಮೊದಲ ವಾರ ಮಳೆ ಹಿಡೀತು. ಗಲ್ಲಿ ಕಡೆ ಹೋದಾಗ ದ9ರ ಬಾಗಿಲಿನ ಪಕ್ಕದ ಗೋಡೆ ಮೇಲೆ ಮಸುಕಾಗಿ ನೀಲಿ ಅಕ್ಷರ ಕಂಡಿತು, ಅದೇ ಗೋಡೆನ ನಾನು ಐದು ತಿಂಗಳಿಂದ ನೋಡ್ತಿದ್ದೆ, ಬರೀ ಬಿಳಿ. ಸುಣ್ಣ ಒದ್ದೆ ಆದ್ರೆ ಬಿಳಿ ಕಳೆದು ಪಾರದರ್ಶಕ ಆಗುತ್ತೆ, ಅಡಿಯಲ್ಲಿರೋ ಬಣ್ಣ ಮೇಲೆ ಬರುತ್ತೆ, ಒಣಗಿದ್ರೆ ಮತ್ತೆ ಮಾಯ. ಪ್ಲಾಸ್ಟಿಕ್ ಪೇಂಟ್ ಹೊಡೆದಿದ್ರೆ ಹೀಗೆ ಆಗಲ್ಲ, ಹಳೆ ಸುಣ್ಣದ ಗೋಡೆಗೆ ಮಾತ್ರ. ಅವತ್ತಿಂದ ಗಿಡಕ್ಕೆ ನೀರು ಚಿಮುಕಿಸೋ ಸ್ಪ್ರೇ ಬಾಟಲಿ ಚೀಲದಲ್ಲೇ ಇರುತ್ತೆ. ರಾತ್ರಿ ಎಂಟರ ಮೇಲೆ ಗೋಡೆಗೆ ನೀರು ಹೊಡೆದು ಟಾರ್ಚನ್ನ ಪಕ್ಕದಿಂದ ಗೋಡೆಗೆ ಒರೆಸಿದ ಹಾಗೆ ಹಿಡಿದು ಫೋಟೋ ತೆಗೆದ್ರೆ ಕುಂಚದ ದಪ್ಪ ಕೂಡ ಕಾಣುತ್ತೆ. ಆ ಫೋಟೋನ ಕಂಪ್ಯೂಟರಲ್ಲಿ ಇಮೇಜ್‌ಜೆ ಅನ್ನೋ ತಂತ್ರಾಂಶದ ಡಿಸ್ಟ್ರೆಚ್ ಪ್ಲಗಿನ್‌ಗೆ ಹಾಕ್ತೀನಿ, ಅದು ಬಂಡೆ ಮೇಲಿನ ಪ್ರಾಚೀನ ಚಿತ್ರ ಓದೋಕೆ ಅಂತ ಮಾಡಿದ್ದು, ಮಸುಕು ಬಣ್ಣ ಎಳೆದು ತೋರಿಸುತ್ತೆ. ಯಾರೂ ತಂತಿ ಬ್ರಷ್ ಹಾಕಿ ಉಜ್ಜೋಕೆ ಹೋಗ್ಬೇಡಿ, ಸುಣ್ಣದ ಜೊತೆ ಅಕ್ಷರಾನೂ ಉದುರಿ ಹೋಗುತ್ತೆ.

ಇವತ್ತಿನ ಲೆಕ್ಕ ಹೀಗಿದೆ. 22 ಬಾಗಿಲು, ನಾಲ್ಕು ಪದರ, ಒಟ್ಟು 88 ಖಾನೆ ತುಂಬಬೇಕು. 51ಕ್ಕೆ ಶಾಯಿ ಬಿದ್ದಿದೆ, 19 ಪೆನ್ಸಿಲ್ಲಲ್ಲಿದೆ, 18 ಖಾಲಿ. ಖಾಲಿ ಇರೋದ್ರಲ್ಲಿ ಹೆಚ್ಚಿನವು 1955ರವು, ಆ ಕಾಲದ ಪೇಟೆ ನೋಡಿದವರು ಈಗ ಎಂಬತ್ತರ ಮೇಲಿನವರು, ಪಟ್ಟೀಲಿ ನಾನು ಹೋಗಿ ಮಾತಾಡ್ಬೇಕು ಅಂತ ಬರ್ಕೊಂಡಿದ್ದ ಇಬ್ಬರು ಏಪ್ರಿಲಲ್ಲೇ ತೀರಿಕೊಂಡ್ರು. ಅದಕ್ಕೇ ಈಗ ಬಿಲ್ಲು, ಪತ್ರ ಎಲ್ಲ ಬದಿಗಿಟ್ಟು ಬರೀ ಮನೆ ಮನೆಗೆ ಹೋಗ್ತಿದ್ದೀನಿ, ಕಾಗದ ಕಾಯುತ್ತೆ.

ದ9ರ ಗೋಡೇಲಿ ಈ ತನಕ ಓದೋಕಾಗಿದ್ದು ಮೂರು ಅಕ್ಷರ, "ಕೊ", ಒಂದು ಬಿಟ್ಟು "ರಿ", ಕಡೇಲಿ ಒಂದು "ಲ್ಲಿ". ನಡುವಿನ ಸುಣ್ಣ ದಪ್ಪ ಇದೆ. ಕೊಡೆ ರಿಪೇರಿ ಅಂತ ಓದೋಕೆ ಮನಸ್ಸು ತುಂಬ ಎಳೀತಿದೆ, ಆದ್ರೂ ಪೆನ್ಸಿಲ್ಲಲ್ಲೇ ಇಟ್ಟಿದ್ದೀನಿ. ಆ ಮನೆಯವರು ಮಳೆ ಇನ್ನೊಂದು ವಾರ ಹೀಗೇ ಹೊಡೆದ್ರೆ ಸೂರಿನ ದಂಬೆ ಸ್ವಲ್ಪ ಸರಿಸಿ ನೀರು ಗೋಡೆ ಮೇಲೆ ಇಳಿಯೋ ಹಾಗೆ ಮಾಡ್ಕೊಡ್ತೀನಿ ಅಂದಿದಾರೆ, ಭಾನುವಾರ ಸಂಜೆ ಏಣಿ ತಗೊಂಡು ಹೋಗ್ಬೇಕು.